ಕುದುರೆಯ ಉಸಿರಿನ ಹಾದಿ: ರೋಗಗಳು ಮತ್ತು ಶಸ್ತ್ರಚಿಕಿತ್ಸೆ

ಓಡುವ ಕುದುರೆಯ ಕಾಲುಗಳನ್ನು ಎಲ್ಲರೂ ನೋಡುತ್ತಾರೆ. ಅದರ ಉಸಿರನ್ನು ಕಿವಿಗೊಟ್ಟು ಕೇಳುವವರು ವಿರಳ. ಮುಂಬಯಿಯ ಮಹಾಲಕ್ಷ್ಮಿ, ಪುಣೆ, ಹೈದರಾಬಾದಿನ ಮಲಕಪೇಟೆ ಮೊದಲಾದ ಪಂದ್ಯದ ಬಯಲುಗಳಲ್ಲಿ ಕಟಕಟೆಗೊರಗಿ ನಿಂತ ಜನಸ್ತೋಮದ ದೃಷ್ಟಿ ಗೊರಸಿನ ಮೇಲೆ, ಸವಾರನ ಬಣ್ಣದ ಅಂಗಿಯ ಮೇಲೆ, ತಮ್ಮ ಕೈಯಲ್ಲಿರುವ ಚೀಟಿಯ ಮೇಲೆ ನೆಟ್ಟಿರುತ್ತದೆ. ಆದರೆ ಕುದುರೆಯ ಗೆಲುವು ಸೋಲುಗಳು ಅದರ ಕಾಲ್ಬಲವನ್ನು ಎಷ್ಟು ಅವಲಂಬಿಸಿವೆಯೋ, ಕೊರಳೊಳಗಿನ ಒಂದು ಕಿರಿದಾದ ದ್ವಾರವನ್ನೂ ಅಷ್ಟೇ ಅವಲಂಬಿಸಿವೆ. ಆ ದ್ವಾರ ಅರ್ಧ ಮುಚ್ಚಿಕೊಂಡರೆ ಎಂಥ ಉತ್ತಮ ತಳಿಯ ಕುದುರೆಯೂ ನಡುದಾರಿಯಲ್ಲಿ ಸೋಲುತ್ತದೆ. ಪೂರ್ತಿ ಮುಚ್ಚಿಕೊಂಡರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಡುತ್ತದೆ.

ಕನ್ನಡಿಗರಿಗೆ ಕುದುರೆ ಹೊಸದಲ್ಲ. ವಿಜಯನಗರದ ಅರಸರು ಕಡಲಾಚೆಯಿಂದ ಕುದುರೆಗಳನ್ನು ತರಿಸಿಕೊಳ್ಳುತ್ತಿದ್ದುದು ಚರಿತ್ರೆಗೆ ಸೇರಿದ ಮಾತು. 14ನೆಯ ಶತಮಾನದವನೆಂದು ಹೇಳಲಾಗುವ ಅಭಿನವಚಂದ್ರ ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದ. ಟಿಪ್ಪು ಸುಲ್ತಾನನ ಕಾಲದಿಂದ ಕುಣಿಗಲ್ಲು ಕುದುರೆಗಳಿಗೆ ಹೆಸರಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕುದುರೆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರ ಸ್ಮರಣೆಗೆ ಮೀಸಲು. ಪ್ರಾಚೀನ ಶಾಲಿಹೋತ್ರನ ಹೆಸರಿನಿಂದಲೇ ಉತ್ತರ ಭಾರತದಲ್ಲಿ ಕುದುರೆಯ ವೈದ್ಯನಿಗೆ ‘ಸಾಲೋತ್ರಿ’ ಎಂಬ ಹೆಸರು ಬಂದಿತು. ಹೀಗೆ ಅಶ್ವವೈದ್ಯ ಪುರಾತನವಾದುದೇ. ಆದರೆ ಕುದುರೆಯ ಗಂಟಲಿಗೆ ಶಸ್ತ್ರವಿಟ್ಟು ಉಸಿರಿನ ದಾರಿಯನ್ನು ಸರಿಪಡಿಸುವ ವಿದ್ಯೆ ಹೆಚ್ಚಾಗಿ 19ನೆಯ ಶತಮಾನದಿಂದ ಈಚೆಗೆ ಬೆಳೆದದ್ದು. ಅದರ ಕಥೆ ಮನುಷ್ಯನ ಆರೋಗ್ಯಕ್ಕೂ ಒಂದೆರಡು ಪಾಠಗಳನ್ನು ಹೇಳುತ್ತದೆ.

ಮೂಗೊಂದೇ ದಾರಿ

ಮನುಷ್ಯನಿಗೆ ನೆಗಡಿಯಾಗಿ ಮೂಗು ಕಟ್ಟಿದರೆ ಬಾಯಿಂದ ಉಸಿರಾಡುತ್ತಾನೆ. ಓಡಿ ದಣಿದ ನಾಯಿಯೂ ಬಾಯಿ ತೆರೆದು ಏದುತ್ತದೆ. ಕುದುರೆಗೆ ಈ ಅನುಕೂಲವಿಲ್ಲ. ಅದರ ಮೃದು ಅಂಗುಳು ಬಹಳ ಉದ್ದವಾದುದು. ಅದು ಹಿಂದಕ್ಕೆ ಚಾಚಿ, ಶ್ವಾಸದ್ವಾರದ ಮುಚ್ಚಳವಾದ ಉಪಜಿಹ್ವೆಯ ಕೆಳಗೆ ಬಿಗಿಯಾಗಿ ಕುಳಿತು, ಬಾಯಿಯ ದಾರಿಯನ್ನೂ ಮೂಗಿನ ದಾರಿಯನ್ನೂ ಬೇರ್ಪಡಿಸುತ್ತದೆ. ಆದುದರಿಂದ ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ತಲೆ ತಗ್ಗಿಸಿ ಹುಲ್ಲು ಮೇಯುತ್ತಿರುವಾಗಲೂ ಗಾಳಿಯಲ್ಲಿ ತೇಲಿಬರುವ ಶತ್ರುವಿನ ವಾಸನೆಯನ್ನು ಹಿಡಿಯಲು ಈ ರಚನೆ ನೆರವಾಗುತ್ತದೆ. ಆದರೆ ಈ ಒಂದೇ ದಾರಿಯಲ್ಲಿ ಎಲ್ಲಿಯಾದರೂ ಅಡಚಣೆ ಉಂಟಾದರೆ ಬೇರೆ ದಾರಿ ಇಲ್ಲ.

ಲಾಯದಲ್ಲಿ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ಪ್ರತಿ ಬಾರಿಯೂ ಸುಮಾರು 5 ಲೀಟರ್ ಗಾಳಿ ಒಳಸೇರುತ್ತದೆ. ನಾಗಾಲೋಟದಲ್ಲಿ ಉಸಿರಿಗೂ ಹೆಜ್ಜೆಗೂ ಗಂಟು ಬೀಳುತ್ತದೆ: ಒಂದು ನೆಗೆತಕ್ಕೆ ಒಂದು ಉಸಿರು. ಆಗ ಉಸಿರಾಟ ನಿಮಿಷಕ್ಕೆ 120ನ್ನು ಮೀರುತ್ತದೆ. ನಿಮಿಷವೊಂದರಲ್ಲಿ 1,500 ಲೀಟರಿಗೂ ಮಿಕ್ಕಿ ಗಾಳಿ ಆ ಕೊರಳಿನ ಮೂಲಕ ಹಾದುಹೋಗುತ್ತದೆ. ಒಂದೊಂದು ಉಚ್ಛ್ವಾಸಕ್ಕೆ ದೊರೆಯುವ ಕಾಲ ಸೆಕೆಂಡಿನ ಕಾಲುಭಾಗದಷ್ಟು. ಭೌತಶಾಸ್ತ್ರದ ನಿಯಮದಂತೆ, ಗಾಳಿ ಪ್ರಶಾಂತವಾಗಿ ಹರಿಯುವಾಗಲೇ ನಾಳದ ವ್ಯಾಸ ಅರ್ಧಕ್ಕಿಳಿದರೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ಗಾಳಿ ಸುಳಿಸುಳಿಯಾಗಿ ನುಗ್ಗುವಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ನಿಂತಾಗ ಯಾವ ತೊಂದರೆಯೂ ಕಾಣದ ಕುದುರೆ ಓಟದಲ್ಲಿ ಏಕೆ ಕುಸಿಯುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಮೊರೆಯುವ ಕುದುರೆ

ಉಸಿರನ್ನು ಒಳಗೆಳೆದುಕೊಳ್ಳುವಾಗ ಸಿಳ್ಳಿನಂಥ, ತೊಂದರೆ ಬಲಿತ ಮೇಲೆ ಗರಗಸ ಎಳೆದಂಥ ಸದ್ದು ಮಾಡುವ ಕುದುರೆಗಳನ್ನು ಆಂಗ್ಲರು ‘ರೋರರ್’, ಅಂದರೆ ಮೊರೆಯುವ ಕುದುರೆ, ಎಂದು ಕರೆದರು. ಇದರ ಮೂಲ ಗಂಟಲಿನಲ್ಲಿಲ್ಲ, ಒಂದು ನರದಲ್ಲಿದೆ.

ಧ್ವನಿಪೆಟ್ಟಿಗೆಯ ಎರಡು ಬದಿಗಳಲ್ಲಿ ಅರಿಟಿನಾಯಿಡ್ ಎಂಬ ಎರಡು ಮೃದ್ವಸ್ಥಿಗಳಿವೆ. ಅವು ಬಾಗಿಲಿನ ಎರಡು ಕದಗಳಿದ್ದಂತೆ. ಉಸಿರೆಳೆಯುವಾಗ ಸ್ನಾಯುಗಳು ಈ ಕದಗಳನ್ನು ಪಕ್ಕಕ್ಕೆ ಸರಿಸಿ ದ್ವಾರವನ್ನು ಅಗಲ ಮಾಡುತ್ತವೆ. ಎಡಗಡೆಯ ಸ್ನಾಯುವಿಗೆ ಆಜ್ಞೆ ಒಯ್ಯುವ ನರದ ಪ್ರಯಾಣ ವಿಚಿತ್ರವಾದುದು. ಅದು ಮಿದುಳಿನ ಕಡೆಯಿಂದ ಹೊರಟು, ಪಕ್ಕದಲ್ಲೇ ಇರುವ ಧ್ವನಿಪೆಟ್ಟಿಗೆಯನ್ನು ದಾಟಿ, ಇಡೀ ಕುತ್ತಿಗೆಯುದ್ದಕ್ಕೂ ಇಳಿದು, ಎದೆಯೊಳಗೆ ಮಹಾಪಧಮನಿಯನ್ನು ಬಳಸಿ, ಬಂದ ದಾರಿಯಲ್ಲೇ ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಎತ್ತರದ ಕುದುರೆಯಲ್ಲಿ ಈ ಸುತ್ತುದಾರಿ ಸುಮಾರು ಎರಡೂವರೆ ಮೀಟರ್ ಉದ್ದ. ಬಲಗಡೆಯ ನರ ಇಷ್ಟು ಕೆಳಗೆ ಇಳಿಯುವುದಿಲ್ಲ.

ಉದ್ದವಾದ ಈ ಎಡ ನರ ತುದಿಯಿಂದ ಕ್ರಮೇಣ ಕ್ಷೀಣಿಸುವುದೇ ರೋಗದ ಸ್ವರೂಪ. ಬಹುತೇಕ ಪ್ರಕರಣಗಳಲ್ಲಿ ಏಕೆ ಕ್ಷೀಣಿಸುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸಲಾಗದ ಒಗಟು. ಆದರೆ ಎತ್ತರಕ್ಕೂ ವಂಶಕ್ಕೂ ಇದರಲ್ಲಿ ಪಾತ್ರವಿದೆ. ಪಂದ್ಯದ ಥರೋಬ್ರೆಡ್ ಕುದುರೆಗಳಲ್ಲಿಯೂ ಭಾರ ಎಳೆಯುವ ದೊಡ್ಡ ತಳಿಗಳಲ್ಲಿಯೂ ಇದು ಹೆಚ್ಚು; ಗಿಡ್ಡ ತಟ್ಟುಗಳಲ್ಲಿ ಅಪರೂಪ. ನರ ಸೊರಗಿದಂತೆ ಸ್ನಾಯು ಕರಗುತ್ತದೆ. ಎಡಗಡೆಯ ಕದ ಸಡಿಲವಾಗಿ ಜೋತುಬೀಳುತ್ತದೆ. ಓಟದಲ್ಲಿ ಗಾಳಿಯ ಸೆಳೆತಕ್ಕೆ ಅದು ಒಳಕ್ಕೆ ಎಳೆದುಕೊಂಡು ದ್ವಾರವನ್ನು ಮುಚ್ಚುತ್ತದೆ. ಆ ಮೊರೆತ ಸಿಕ್ಕಿಕೊಂಡ ಗಾಳಿಯ ಕೂಗು.

ಹಾಬ್‌ಡೇ ಮಹಾಶಯನ ಕತ್ತಿ

ಯಂತ್ರಗಳು ಬರುವ ಮುಂಚೆ ಸೈನ್ಯ, ಬೇಸಾಯ, ನಗರಸಾರಿಗೆ ಮೂರೂ ಕುದುರೆಯ ಬೆನ್ನ ಮೇಲಿದ್ದವು. ಮೊರೆಯುವ ಕುದುರೆ ಎಂದರೆ ನಷ್ಟ. 19ನೆಯ ಶತಮಾನದ ಜರ್ಮನ್ ಪಶುವೈದ್ಯರು ಜೋತುಬಿದ್ದ ಮೃದ್ವಸ್ಥಿಯನ್ನೇ ಕತ್ತರಿಸಿ ತೆಗೆಯುವ ಪ್ರಯೋಗ ಮಾಡಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡಬ್ಲ್ಯು. ಎಲ್. ವಿಲಿಯಮ್ಸ್ 20ನೆಯ ಶತಮಾನದ ಆರಂಭದಲ್ಲಿ ಇನ್ನೊಂದು ವಿಧಾನವನ್ನು ರೂಪಿಸಿದರು. ಧ್ವನಿತಂತುವಿನ ಪಕ್ಕದಲ್ಲಿ ಒಂದು ಪುಟ್ಟ ಚೀಲದಂಥ ಗುಳಿಯಿದೆ. ಕೊರಳಿನ ಕೆಳಬದಿಯಿಂದ ಧ್ವನಿಪೆಟ್ಟಿಗೆಯನ್ನು ತೆರೆದು ಆ ಚೀಲದ ಒಳಪೊರೆಯನ್ನು ಸುಲಿದು ತೆಗೆದರೆ, ಗಾಯ ಮಾಯುವಾಗ ಉಂಟಾಗುವ ಬಿಗಿತ ಕದವನ್ನು ಪಕ್ಕಕ್ಕೆ ಎಳೆದು ನಿಲ್ಲಿಸುತ್ತದೆ ಎಂಬುದು ಅದರ ತತ್ತ್ವ.

ಇದನ್ನು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದವರು ಫ್ರೆಡರಿಕ್ ಹಾಬ್‌ಡೇ (1869–1939). ಮುಂದೆ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಪ್ರಾಂಶುಪಾಲರಾಗಿ, ‘ಸರ್’ ಪದವಿಗೂ ಪಾತ್ರರಾದ ಇವರು ಎಷ್ಟು ಕುದುರೆಗಳಿಗೆ ಈ ಚಿಕಿತ್ಸೆ ಮಾಡಿದರೆಂದರೆ, ಶಸ್ತ್ರಕ್ರಿಯೆಯಾದ ಕುದುರೆಯನ್ನು ‘ಹಾಬ್‌ಡೇಡ್’ ಎಂದು ಕರೆಯುವ ರೂಢಿ ಇಂಗ್ಲಿಷಿನಲ್ಲಿ ನೆಲೆನಿಂತಿತು. ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೇನಾಶ್ವಗಳು ಈ ಚಿಕಿತ್ಸೆಯಿಂದ ಮತ್ತೆ ಕೆಲಸಕ್ಕೆ ಮರಳಿದವು.

ಕೊರಳಿನ ಈ ಶಸ್ತ್ರಕ್ಕೆ ಇನ್ನೊಂದು ಮುಖವೂ ಉಂಟು. 1944ರಲ್ಲಿ ಬರ್ಮಾದ ಕಾಡಿನೊಳಗೆ ಜಪಾನೀಯರ ಬೆನ್ನ ಹಿಂದೆ ಕಾದಾಡಿದ ಚಿಂಡಿಟ್ ಪಡೆಗಳು ಹೇಸರಗತ್ತೆಗಳನ್ನು ಹೊರೆಗೆ ಬಳಸಿದವು. ಅವುಗಳ ಕೂಗು ಶತ್ರುವಿಗೆ ಸುಳಿವು ಕೊಡಬಾರದೆಂದು ಧ್ವನಿತಂತುಗಳನ್ನು ಕತ್ತರಿಸಿ ಮೂಕವಾಗಿಸಲಾಯಿತು. ಒಂದು ಕಡೆ ಉಸಿರು ಕೊಡಲು, ಇನ್ನೊಂದು ಕಡೆ ದನಿ ಕಸಿಯಲು. ಮಾತು ಬಾರದ ಪ್ರಾಣಿಯ ಮೇಲೆ ಶಸ್ತ್ರವೆತ್ತುವವರು ಯಾರ ಹಿತಕ್ಕಾಗಿ ಎತ್ತುತ್ತಿದ್ದಾರೆ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದುಕೊಂಡಿದೆ.

ಕದವನ್ನು ಕಟ್ಟಿ ನಿಲ್ಲಿಸುವ ದಾರ

ಹಾಬ್‌ಡೇ ವಿಧಾನ ಸದ್ದನ್ನು ತಗ್ಗಿಸಿತಾದರೂ ವೇಗದ ಓಟಕ್ಕೆ ಬೇಕಾದಷ್ಟು ದ್ವಾರವನ್ನು ತೆರೆಯಲಾರದಾಯಿತು. 1970ರಲ್ಲಿ ಅಮೆರಿಕದ ಮಾರ್ಕ್ಸ್, ಮ್ಯಾಕೆ-ಸ್ಮಿತ್ ಮತ್ತು ಸಹೋದ್ಯೋಗಿಗಳು ಹೊಸ ಮಾರ್ಗವನ್ನು ಪ್ರಕಟಿಸಿದರು. ಸೋತ ಸ್ನಾಯು ಇದ್ದ ಜಾಗದಲ್ಲಿಯೇ ಗಟ್ಟಿಯಾದ ಕೃತಕ ದಾರವನ್ನು ಹಾಯಿಸಿ, ಜೋತುಬಿದ್ದ ಮೃದ್ವಸ್ಥಿಯನ್ನು ಹಿಂದಿನ ಉಂಗುರಾಕಾರದ ಮೃದ್ವಸ್ಥಿಗೆ ಎಳೆದು ಕಟ್ಟುವುದೇ ಈ ಮಾರ್ಗ. ‘ಟೈ-ಬ್ಯಾಕ್’ ಎಂದು ಪ್ರಸಿದ್ಧವಾದ ಇದು ಇಂದಿಗೂ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ ಇದರ ಜೊತೆಗೆ ಧ್ವನಿತಂತುವನ್ನೂ ಪಕ್ಕದ ಚೀಲವನ್ನೂ ತೆಗೆಯುತ್ತಾರೆ.

ಇಲ್ಲಿ ವೈದ್ಯನ ವಿವೇಕಕ್ಕೆ ನಿಜವಾದ ಪರೀಕ್ಷೆ. ಶ್ವಾಸದ್ವಾರಕ್ಕೆ ಎರಡು ಕರ್ತವ್ಯಗಳಿವೆ: ಉಸಿರಾಡುವಾಗ ತೆರೆಯುವುದು, ನುಂಗುವಾಗ ಮುಚ್ಚುವುದು. ಕದವನ್ನು ಸಾಲದಷ್ಟು ಎಳೆದರೆ ಕುದುರೆ ಓಡಲಾರದು. ಅತಿಯಾಗಿ ಎಳೆದರೆ ಮೇವು ನೀರು ಶ್ವಾಸನಾಳಕ್ಕಿಳಿದು ಕೆಮ್ಮು, ಕೆಲವೊಮ್ಮೆ ಪುಪ್ಪುಸದ ಉರಿಯೂತ ಬರುತ್ತದೆ. ದಾರ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುವುದೂ ಸಾಮಾನ್ಯ. ಆದುದರಿಂದ ಚಿಕಿತ್ಸೆಯ ಅನಂತರ ಸುಮಾರು ಎರಡು ತಿಂಗಳು ವಿಶ್ರಾಂತಿ, ತಲೆ ತಗ್ಗಿಸಿ ತಿನ್ನುವಂತೆ ನೆಲದ ಮೇಲೆ ಮೇವು, ಧೂಳಿಲ್ಲದ ಹುಲ್ಲು, ಇವೆಲ್ಲ ಅಗತ್ಯ. ಚಿಕಿತ್ಸೆ ಪಡೆದ ಪಂದ್ಯದ ಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಧಾರಿಸುತ್ತವೆ, ಎಲ್ಲವೂ ಅಲ್ಲ. ಅಷ್ಟು ವೇಗ ಬೇಡದ ಸವಾರಿಯ ಕುದುರೆಗಳಲ್ಲಿ ಫಲ ಇನ್ನೂ ಉತ್ತಮ.

ಕುದುರೆಗೆ ಪೂರ್ತಿ ಅರಿವಳಿಕೆ ಕೊಡುವುದೂ ಸಣ್ಣ ಮಾತಲ್ಲ. ಸುಮಾರು 500 ಕಿಲೋ ತೂಕದ ಪ್ರಾಣಿ ಗಂಟೆಗಟ್ಟಲೆ ಮಲಗಿದರೆ ಅದರ ಭಾರವೇ ಅದರ ಸ್ನಾಯುಗಳನ್ನು ಹಿಸುಕುತ್ತದೆ. ಎಚ್ಚರವಾದೊಡನೆ ಗಾಬರಿಯಿಂದ ಏಳಲು ಹೋಗಿ ಕಾಲು ಮುರಿದುಕೊಳ್ಳುವುದುಂಟು. 2002ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವೊಂದರ ಪ್ರಕಾರ, ಹೊಟ್ಟೆಶೂಲೆಯಂಥ ತುರ್ತಿನವನ್ನು ಬಿಟ್ಟರೂ, ಅರಿವಳಿಕೆ ಪಡೆದ ಕುದುರೆಗಳಲ್ಲಿ ನೂರಕ್ಕೆ 0.9ರಷ್ಟು ಸಾವನ್ನಪ್ಪಿದ್ದವು. ಮನುಷ್ಯರಲ್ಲಿ ಈ ಅಪಾಯ ಎಷ್ಟೋ ಪಟ್ಟು ಕಡಿಮೆ. ಆದುದರಿಂದಲೇ ಈಚೆಗೆ ಮಂಪರಿನ ಔಷಧವನ್ನೂ ಸ್ಥಳೀಯ ಅರಿವಳಿಕೆಯನ್ನೂ ಕೊಟ್ಟು, ನಿಂತಿರುವ ಕುದುರೆಯಲ್ಲಿಯೇ ಈ ಚಿಕಿತ್ಸೆ ನಡೆಸುವ ಕ್ರಮ ಬೆಳೆಯುತ್ತಿದೆ. ಕುತ್ತಿಗೆಯ ಬೇರೊಂದು ನರವನ್ನು ತಂದು ಸೊರಗಿದ ಸ್ನಾಯುವಿನಲ್ಲಿ ನೆಡುವ ವಿಧಾನವೂ ಇದೆ. ಅದು ಚಿಗುರಲು ತಿಂಗಳುಗಟ್ಟಲೆ ಕಾಯಬೇಕು. ಆದರೆ ಯಶಸ್ವಿಯಾದರೆ ಕದ ತಾನಾಗಿಯೇ ತೆರೆಯುತ್ತದೆ, ತಾನಾಗಿಯೇ ಮುಚ್ಚುತ್ತದೆ.

ರೋಗನಿರ್ಣಯದಲ್ಲಿಯೂ ಮಹತ್ತರ ಬದಲಾವಣೆಯಾಗಿದೆ. ಹಿಂದೆ ಕಿವಿಯೇ ಸಾಧನ. 1970ರ ದಶಕದಿಂದ ಬಾಗುವ ಎಂಡೋಸ್ಕೋಪ್ ನಳಿಕೆ ಮೂಗಿನ ಮೂಲಕ ಗಂಟಲನ್ನು ತೋರಿಸತೊಡಗಿತು. 1980ರ ದಶಕದಲ್ಲಿ ಯಂತ್ರದ ಪಟ್ಟಿಯ ಮೇಲೆ ಕುದುರೆಯನ್ನು ಓಡಿಸಿ ನೋಡುವ ವ್ಯವಸ್ಥೆ ಬಂತು. ಈಗ ಲಗಾಮಿಗೆ ಕಟ್ಟಿದ ಪುಟ್ಟ ಉಪಕರಣ, ಸವಾರ ಬಯಲಿನಲ್ಲಿ ಓಡಿಸುತ್ತಿರುವಾಗಲೇ ಗಂಟಲೊಳಗಿನ ದೃಶ್ಯವನ್ನು ದಾಖಲಿಸುತ್ತದೆ.

ಅಂಗುಳಿನ ಉಪಟಳ

ಇನ್ನು ಕೆಲವು ಕುದುರೆಗಳು ಚೆನ್ನಾಗಿ ಓಡುತ್ತಿದ್ದು, ಗುರಿ ಹತ್ತಿರವಾದಾಗ ಗೊರಗೊರ ಸದ್ದು ಮಾಡಿ ತಟಕ್ಕನೆ ಹಿಂದುಳಿಯುತ್ತವೆ. ಮೃದು ಅಂಗುಳು ಉಪಜಿಹ್ವೆಯ ಕೆಳಗಿನ ತನ್ನ ಸ್ಥಾನದಿಂದ ಜಾರಿ ಮೇಲೇರಿ, ಉಸಿರು ಬಿಡುವ ದಾರಿಗೆ ಅಡ್ಡಲಾಗಿ ಪಟಪಟಿಸುವುದೇ ಇದಕ್ಕೆ ಕಾರಣ. ಕುದುರೆ ಒಮ್ಮೆ ನುಂಗಿದರೆ ಅಂಗುಳು ಮರಳಿ ಸ್ವಸ್ಥಾನಕ್ಕೆ ಸೇರುತ್ತದೆ. ಆದರೆ ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಎಳೆಯ ಕುದುರೆಗಳಲ್ಲಿ ವಯಸ್ಸು, ತಾಲೀಮು, ಗಂಟಲಿನ ಉರಿಯೂತದ ಉಪಶಮನ, ಇವುಗಳಿಂದಲೇ ಎಷ್ಟೋ ಬಾರಿ ಗುಣ ಕಾಣುತ್ತದೆ. ಆತುರದಿಂದ ಕತ್ತಿ ಹಿಡಿಯುವುದು ಸಲ್ಲದು. ಗುಣವಾಗದಿದ್ದಾಗ ಹಿಂದೆ ಅಂಗುಳಿನ ಅಂಚನ್ನು ಕತ್ತರಿಸುತ್ತಿದ್ದರು; ಧ್ವನಿಪೆಟ್ಟಿಗೆಯನ್ನು ಹಿಂದಕ್ಕೆಳೆಯುವ ಸ್ನಾಯುಗಳನ್ನು ತುಂಡರಿಸುತ್ತಿದ್ದರು. ಈ ಶತಮಾನದ ಆರಂಭದಲ್ಲಿ ಕಾರ್ನೆಲ್ಲಿನ ನಾರ್ಮನ್ ಡುಶಾರ್ಮ್ ಮತ್ತು ಸಂಗಡಿಗರು, ಧ್ವನಿಪೆಟ್ಟಿಗೆಯನ್ನು ನಾಲಗೆಯ ಬುಡದ ಎಲುಬಿನತ್ತ ಮುಂದಕ್ಕೂ ಮೇಲಕ್ಕೂ ಎಳೆದು ಕಟ್ಟುವ ‘ಟೈ-ಫಾರ್ವರ್ಡ್’ ವಿಧಾನವನ್ನು ರೂಢಿಗೆ ತಂದರು. ಉಪಜಿಹ್ವೆಯ ಮೇಲೆ ಕೆಳಗಿನ ಪೊರೆ ಮಡಿಚಿಕೊಂಡು ಬೀಳುವ ಮತ್ತೊಂದು ತೊಂದರೆಯನ್ನು, ಎಂಡೋಸ್ಕೋಪಿನ ಮೂಲಕ ಲೇಸರ್ ಕಿರಣ ಹಾಯಿಸಿ, ನಿಂತ ಕುದುರೆಯಲ್ಲಿಯೇ ಬಿಡಿಸಬಹುದಾಗಿದೆ.

ಪ್ರಾಣ ಉಳಿಸುವ ಕಿಂಡಿ

ಇಲ್ಲಿಯವರೆಗೆ ಹೇಳಿದ್ದು ವೇಗದ ಮಾತು. ಪ್ರಾಣದ ಮಾತು ಬೇರೆ. ಸ್ಟ್ರೆಪ್ಟೊಕಾಕಸ್ ಈಕ್ವಿ ಎಂಬ ಜೀವಾಣುವಿನಿಂದ ‘ಸ್ಟ್ರ್ಯಾಂಗಲ್ಸ್’ ಎಂಬ ಸಾಂಕ್ರಾಮಿಕ ರೋಗ ಬರುತ್ತದೆ. ಜ್ವರ, ಮೂಗಿನಿಂದ ಕೀವು, ದವಡೆಯ ಕೆಳಗೂ ಗಂಟಲ ಹಿಂದೆಯೂ ಇರುವ ಗಂಟುಗಳಲ್ಲಿ ಬಾವು, ಇವು ಇದರ ಲಕ್ಷಣಗಳು. ಬಾವು ಒಳಮುಖವಾಗಿ ಒತ್ತಿದಾಗ ಕತ್ತು ಹಿಸುಕಿದಂತಾಗುತ್ತದೆ. ಹೆಸರು ಬಂದುದೇ ಹೀಗೆ. ಪಂದ್ಯದ ಲಾಯದಲ್ಲಷ್ಟೇ ಅಲ್ಲ, ಮದುವೆಯ ಮೆರವಣಿಗೆಯ ಕುದುರೆಗೂ ಮಾಥೇರಾನಿನ ತಟ್ಟುವಿಗೂ ಇದು ಬರಬಹುದು.

ಆಗ ಪ್ರಾಣ ಉಳಿಸುವುದು ಅತ್ಯಂತ ಸರಳವಾದ ಶಸ್ತ್ರಕ್ರಿಯೆ. ಕುದುರೆಯನ್ನು ನಿಲ್ಲಿಸಿಕೊಂಡೇ, ಕುತ್ತಿಗೆಯ ಮುಂಭಾಗದ ನಡುಗೆರೆಯಲ್ಲಿ ಚರ್ಮಕ್ಕೆ ಅರಿವಳಿಕೆ ಚುಚ್ಚಿ, ಸ್ನಾಯುಗಳನ್ನು ಬಿಡಿಸಿ, ಶ್ವಾಸನಾಳದ ಎರಡು ಉಂಗುರಗಳ ನಡುವೆ ಅಡ್ಡಲಾಗಿ ಕಿಂಡಿ ಮಾಡಿ ಕೊಳವೆ ತೂರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಕಣ್ಣು ಹೊರಚಾಚಿ ತೂರಾಡುತ್ತಿದ್ದ ಪ್ರಾಣಿ ನಿರಾಳವಾಗಿ ಉಸಿರೆಳೆಯತೊಡಗುತ್ತದೆ. ಕೊಳವೆಯನ್ನು ದಿನವೂ ಶುಚಿ ಮಾಡಬೇಕು. ಬಾವು ಇಳಿದ ಮೇಲೆ ಕೊಳವೆ ತೆಗೆದರೆ ಗಾಯ ಎರಡು ಮೂರು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ.

ಕುದುರೆಯ ಗಂಟಲ ಎರಡು ಬದಿಯಲ್ಲಿ, ಕಿವಿಗೆ ಸಂಬಂಧಿಸಿದ ನಾಳಗಳು ಹಿಗ್ಗಿ ಉಂಟಾದ ಎರಡು ಗಾಳಿಚೀಲಗಳಿವೆ. ಗಂಟುಗಳ ಕೀವು ಕೆಲವೊಮ್ಮೆ ಇವುಗಳೊಳಗೆ ಒಡೆದು, ಒಣಗಿ, ಗೋಲಿಗಳಂತೆ ಕುಳಿತು, ಮೇಲ್ನೋಟಕ್ಕೆ ಗುಣವಾದ ಕುದುರೆ ತಿಂಗಳುಗಟ್ಟಲೆ ರೋಗವನ್ನು ಹರಡುತ್ತಿರುತ್ತದೆ. ಇದೇ ಚೀಲದ ಗೋಡೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಪಧಮನಿ ಹಾದುಹೋಗುತ್ತದೆ. ಬೂಷ್ಟು ಬೆಳೆದು ಅದನ್ನು ಕೊರೆದರೆ, ವಿಶ್ರಾಂತಿಯಲ್ಲಿರುವ ಕುದುರೆಯ ಮೂಗಿನಿಂದ ಹಠಾತ್ತನೆ ರಕ್ತ ಸುರಿಯುತ್ತದೆ. ಮೊದಲ ರಕ್ತಸ್ರಾವ ಎಚ್ಚರಿಕೆ ಮಾತ್ರ, ಮುಂದಿನದು ಮಾರಕವಾಗಬಹುದು. ಪಧಮನಿಯೊಳಗೆ ಪುಟ್ಟ ಬಲೂನನ್ನೋ ಲೋಹದ ಸುರುಳಿಯನ್ನೋ ಇಟ್ಟು ರಕ್ತದ ಹರಿವನ್ನು ತಡೆಯುವುದೇ ಇದಕ್ಕೆ ಪರಿಹಾರ. ಮೂಗಿನ ಒಂದೇ ಹೊಳ್ಳೆಯಿಂದ ದುರ್ಗಂಧದ ಕೀವು ಬಂದರೆ ಹಲ್ಲನ್ನು ಶಂಕಿಸಬೇಕು: ಮೇಲಿನ ಹಿಂದವಡೆಗಳ ಬೇರುಗಳು ಮುಖದ ಎಲುಬಿನ ಕುಹರದೊಳಗೆ ಇರುವುದರಿಂದ, ಕೊಳೆತ ಹಲ್ಲು ಕಿತ್ತು ಕುಹರವನ್ನು ತೊಳೆಯದೆ ಕೀವು ನಿಲ್ಲದು.

ಕುದುರೆ ಸಾಕುವವರು ಮರೆಯಬಾರದ ಸಂಗತಿಗಳು ಕೆಲವು: ಕತ್ತು ಚಾಚಿ ಕಷ್ಟದಿಂದ ಉಸಿರೆಳೆಯುವ ಕುದುರೆಗೆ ಗೊಟ್ಟದಲ್ಲಿ ಔಷಧ ಹೊಯ್ಯಬಾರದು, ಅದು ನೇರವಾಗಿ ಪುಪ್ಪುಸಕ್ಕೆ ಇಳಿಯಬಹುದು. ಜ್ವರವೂ ಕೀವೂ ಇರುವ ಕುದುರೆಯನ್ನು ಬೇರೆಯಾಗಿ ಕಟ್ಟಬೇಕು; ಅದರ ಬಕೆಟ್ಟು, ಕಡಿವಾಣಗಳನ್ನು ಇತರ ಕುದುರೆಗಳಿಗೆ ಬಳಸಬಾರದು. ಮೂಗಿನ ಕೀವು ಮನುಷ್ಯನಿಗೂ ಅಂಟುವ ಗ್ಲ್ಯಾಂಡರ್ಸ್ ರೋಗದ್ದೂ ಆಗಿರಬಹುದಾದ್ದರಿಂದ ಪಶುವೈದ್ಯರಿಗೆ ತಿಳಿಸಲು ತಡಮಾಡಬಾರದು.

ಮನುಷ್ಯನ ಕೊರಳಿಗೂ ಇದೇ ನರ

ಎಡ ನರದ ಸುತ್ತುದಾರಿ ಕುದುರೆಗೆ ಮಾತ್ರ ಸೀಮಿತವಲ್ಲ. ಮನುಷ್ಯನಲ್ಲಿಯೂ ಅದು ಎದೆಗಿಳಿದು ಮಹಾಪಧಮನಿಯನ್ನು ಬಳಸಿಯೇ ಗಂಟಲಿಗೆ ಮರಳುತ್ತದೆ. ಆದುದರಿಂದ ದನಿ ಒಡೆಯುವುದಕ್ಕೆ ಕಾರಣ ಎಷ್ಟೋ ವೇಳೆ ಗಂಟಲಲ್ಲಿರದೆ ಎದೆಯಲ್ಲಿರುತ್ತದೆ. ಪುಪ್ಪುಸದ ಕ್ಯಾನ್ಸರ್, ಮಹಾಪಧಮನಿಯ ಊತ, ಥೈರಾಯ್ಡ್ ಗ್ರಂಥಿಯ ಗಡ್ಡೆ ಅಥವಾ ಅದರ ಶಸ್ತ್ರಚಿಕಿತ್ಸೆ, ಇವು ಆ ನರವನ್ನು ಘಾಸಿಗೊಳಿಸಬಲ್ಲವು. ದೊಡ್ಡ ನಗರದ ಹೊಗೆಯಲ್ಲಿ, ಧೂಳಿನಲ್ಲಿ ಬದುಕುವವರು ಗಂಟಲು ಕಟ್ಟುವುದನ್ನು ಹವೆಯ ದೋಷವೆಂದು ತಳ್ಳಿಹಾಕುವುದು ಸಹಜ. ಆದರೆ ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ, ಮುಖ್ಯವಾಗಿ ಧೂಮಪಾನ ಮಾಡುವವರು, ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು.

ಒಂದೇ ನರದ ಸೋಲಿಗೆ ಎರಡು ಜೀವಿಗಳಲ್ಲಿ ಮಾಡುವ ಚಿಕಿತ್ಸೆ ತದ್ವಿರುದ್ಧವಾದುದು. ಮನುಷ್ಯನಿಗೆ ಬೇಕಾದುದು ಮಾತು. ಆದುದರಿಂದ ಸೋತ ಧ್ವನಿತಂತುವನ್ನು ನಡುವಿನತ್ತ ಒತ್ತಿ ನಿಲ್ಲಿಸುತ್ತಾರೆ. ಜಪಾನಿನ ಇಶ್ಶಿಕಿ 1974ರಲ್ಲಿ ವರ್ಣಿಸಿದ ಈ ವಿಧಾನ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕುದುರೆಗೆ ಬೇಕಾದುದು ಉಸಿರು. ಆದುದರಿಂದ ಅದೇ ಭಾಗವನ್ನು ಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ಚಿಕಿತ್ಸೆ ಪಡೆದ ಮನುಷ್ಯ ಮತ್ತೆ ದನಿ ಪಡೆಯುತ್ತಾನೆ. ಕುದುರೆ ಹಲವು ಬಾರಿ ತನ್ನ ಕೆನೆತದ ಸೊಗಸನ್ನು ಕಳೆದುಕೊಂಡು ಉಸಿರನ್ನು ಪಡೆಯುತ್ತದೆ.

ಯಾರ ಹಿತಕ್ಕಾಗಿ?

ಉಸಿರುಕಟ್ಟಿ ಸಾಯುತ್ತಿರುವ ಕುದುರೆಯ ಕುತ್ತಿಗೆಗೆ ಕಿಂಡಿ ಮಾಡುವಾಗ ಈ ಪ್ರಶ್ನೆ ಏಳುವುದಿಲ್ಲ. ಆದರೆ ನಿಧಾನವಾಗಿ ನಡೆದರೆ ಯಾವ ಬಾಧೆಯೂ ಇಲ್ಲದ ಕುದುರೆಯನ್ನು, ಒಂದೆರಡು ಪಂದ್ಯ ಗೆಲ್ಲಿಸಲೆಂದು ನೂರಕ್ಕೊಂದರಷ್ಟು ಪ್ರಾಣಾಪಾಯಕ್ಕೆ ಒಡ್ಡುವಾಗ ಏಳಲೇಬೇಕು. ಪ್ರಾಣಿಯನ್ನು ಬೇರೆ ಹಗುರವಾದ ಕೆಲಸಕ್ಕೆ ಬಿಡುವುದು ಸಾಧ್ಯವೇ ಎಂದು ಮೊದಲು ಯೋಚಿಸುವುದು ಒಳ್ಳೆಯ ಪಶುವೈದ್ಯನ ಧರ್ಮ. ಇನ್ನೊಂದು ಸೂಕ್ಷ್ಮವೂ ಇದೆ. ಶಸ್ತ್ರಚಿಕಿತ್ಸೆ ಕುದುರೆಯ ಗಂಟಲನ್ನು ತಿದ್ದುತ್ತದೆ, ವಂಶವನ್ನು ತಿದ್ದುವುದಿಲ್ಲ. ದಾರದ ಬಲದಿಂದ ಗೆದ್ದ ಗಂಡುಕುದುರೆ ತಳಿಗೆ ನಿಂತಾಗ ಅದರ ಮರಿಗಳಿಗೆ ದಾರ ಬರುವುದಿಲ್ಲ, ದೋಷ ಬರಬಹುದು. ಬಹುಮಾನದ ಲೆಕ್ಕದಲ್ಲಿ ಈ ಸಾಲು ಬರೆಯುವವರು ಕಡಿಮೆ.

ಶಾಲಿಹೋತ್ರನ ಕಾಲದ ವೈದ್ಯನಿಗೆ ಎಂಡೋಸ್ಕೋಪ್ ಇರಲಿಲ್ಲ, ಲೇಸರ್ ಇರಲಿಲ್ಲ; ಕುದುರೆಯ ಪಕ್ಕದಲ್ಲಿ ನಿಂತು ಅದರ ಉಸಿರನ್ನು ಆಲಿಸುವ ತಾಳ್ಮೆಯೇ ಅವನ ಬಂಡವಾಳ. ಇಂದಿನ ಲಾಯದಲ್ಲಿಯೂ ಕುದುರೆಯ ಸದ್ದು ಬದಲಾದುದನ್ನು ಮೊದಲು ಗುರುತಿಸುವವನು ಹಗಲಿರುಳು ಅದರೊಡನಿರುವ ಕಾಸ್ದಾರನೇ. ಅವನ ಮಾತನ್ನು ಯಜಮಾನ ಕೇಳಿ, ಯಜಮಾನ ಸಕಾಲದಲ್ಲಿ ವೈದ್ಯನನ್ನು ಕರೆದರೆ, ಎಷ್ಟೋ ಕುದುರೆಗಳ ಕುತ್ತಿಗೆಗೆ ಕತ್ತಿ ಬೀಳುವ ಪ್ರಸಂಗವೇ ಒದಗದು.